ಕಿರುಬೆರಳಿನ ಅಕ್ಷರ

ಹಳೇ ಕಂಪ್ಯೂಟರ್ ಆಟಗಳ ಮಾತು ಬಂದರೆ ನಮ್ಮ ವಯಸ್ಸಿನವರಿಗೆ ಎಲ್ಲಿಲ್ಲದ ಹುರುಪು. ಮದುವೆ ಮನೆಯ ಊಟದ ಸಾಲಿನಲ್ಲಿ ಕೂತಾಗಲೂ ಒಬ್ಬರು ಕಾರ್ ರೇಸಿನ ಆಟವನ್ನು ನೆನೆಯುತ್ತಾರೆ, ಇನ್ನೊಬ್ಬರು ಕೋಟೆಯೊಳಗೆ ಕತ್ತಿ ಹಿಡಿದು ಓಡುವ ಆಟವನ್ನು ನೆನೆಯುತ್ತಾರೆ, ಮತ್ತೊಬ್ಬರು ಬಂದೂಕಿನ ಆಟದ ಹುಚ್ಚಿಗೆ ಕಾಲೇಜಿನ ಒಂದು ವರ್ಷ ಹಾಳುಮಾಡಿಕೊಂಡದ್ದನ್ನು ಬಹುಮಾನ ಬಂದವರ ಹಾಗೆ ಹೇಳಿಕೊಳ್ಳುತ್ತಾರೆ. ನಾನು ಸುಮ್ಮನೆ ಪಾಯಸ ಬಡಿಸುವವರ ದಾರಿ ನೋಡುತ್ತಿರುತ್ತೇನೆ. ನನ್ನ ಆಟದ ವಿಷಯ ಹೇಳಿದರೆ, ಅದು ಟೈಪಿಂಗ್ ಕಲಿಸೋದಲ್ಲವಾ, ಅದೂ ಒಂದು ಆಟವಾ ಎಂದು ನಗುತ್ತಾರೆ. ಒಂದೆರಡು ಸಲ ಹೇಳಿ ನೋಡಿದ್ದೇನೆ. ಆ ನಗುವಿಗೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಊಟದ ಎಲೆಯ ಮುಂದೆ ಜಗಳ ಆಡಲು ಆಗುವುದಿಲ್ಲ.

ಆ ಆಟದ ನಿಜವಾದ ಹೆಸರು ನನಗೆ ಗೊತ್ತಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಅಲ್ಲಿನ ಒಂದು ಫ್ಲಾಪಿಯಲ್ಲಿ ಅದು ಸಿಕ್ಕಿತು. ಪರದೆಯ ತಳದಲ್ಲಿ ಒಂದು ಪುಟ್ಟ ಊರು, ಸಾಲಾಗಿ ಮನೆಗಳು, ಪ್ರತಿ ಮನೆಯ ಕಿಟಕಿಯಲ್ಲಿ ಹಳದಿ ದೀಪ. ಮೇಲಿನಿಂದ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಇಳಿಯುತ್ತವೆ. ಇಳಿಯುವ ಅಕ್ಷರವನ್ನು ನಾವು ಕೀಬೋರ್ಡಿನಲ್ಲಿ ಒತ್ತಿದರೆ ಅದು ಬಂದ ದಾರಿಯಲ್ಲೇ ಮೇಲೆ ಹೋಗುತ್ತದೆ. ಒತ್ತದಿದ್ದರೆ ಯಾವುದೋ ಮನೆಯ ಮೇಲೆ ಬೀಳುತ್ತದೆ, ಆ ಮನೆಯ ದೀಪ ಆರುತ್ತದೆ. ಎಲ್ಲ ದೀಪ ಆರಿದರೆ ಆಟ ಮುಗಿಯಿತು. ಇದರಲ್ಲಿ ಕೊಲೆ ಇಲ್ಲ, ರಕ್ತ ಇಲ್ಲ.

ಅದರ ನಿಜವಾದ ಬುದ್ಧಿ ಬೇರೆ ಕಡೆ ಇತ್ತು. ಶುರುವಿನಲ್ಲಿ ಅದು ಆಡುವವರ ಹೆಸರು ಕೇಳುತ್ತಿತ್ತು. ಆಮೇಲೆ ಯಾವ ಅಕ್ಷರವನ್ನು ನಾವು ಬಿಡುತ್ತೇವೆ ಎಂದು ಗಮನಿಸಿ, ಬಿಟ್ಟ ಅಕ್ಷರವನ್ನೇ ಹೆಚ್ಚು ಹೆಚ್ಚು ಕಳಿಸುತ್ತಿತ್ತು. ಕಂಪ್ಯೂಟರ್ ಆರಿಸಿ ಮರುದಿನ ಹಾಕಿದರೂ ಮರೆಯುತ್ತಿರಲಿಲ್ಲ. ಆ ಅಕ್ಷರ ಚೆನ್ನಾಗಿ ಒತ್ತಲು ಬಂತು ಎಂದು ಖಾತ್ರಿಯಾದ ಮೇಲೆ ತಾನಾಗಿಯೇ ಕಡಿಮೆ ಮಾಡುತ್ತಿತ್ತು. ಇವತ್ತು ಇಂಥದ್ದನ್ನು ದೊಡ್ಡ ವಿಷಯವೆಂದು ಹೇಳಿಕೊಂಡು ತಿರುಗುತ್ತಾರೆ. ಒಂದು ಫ್ಲಾಪಿಯಲ್ಲಿ, ಕೆಲಸಕ್ಕೆ ಬಾರದ್ದು ಎಂದು ಮೂಲೆಯಲ್ಲಿಟ್ಟ ಆಟದಲ್ಲಿ ಅದು ಆಗಲೇ ಇತ್ತು.

ನಾನು ಅದನ್ನು ಗುಬ್ಬಿಗೆ ತಂದದ್ದು ಅಮ್ಮನ ವಿದ್ಯಾರ್ಥಿಗಳಿಗಾಗಿ. ನಮ್ಮ ಮನೆಯ ಮುಂದಿನ ಹಾಲೇ ಅಮ್ಮನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಉದ್ದನೆಯ ಬೆಂಚಿನ ಮೇಲೆ ಟೈಪ್‌ರೈಟರುಗಳು, ಗೋಡೆಯ ಮೇಲೆ ಬೆರಳುಗಳ ಪಟ. ಯಾವ ಬೆರಳಿಗೆ ಯಾವ ಅಕ್ಷರ ಎಂದು ಬಣ್ಣದಲ್ಲಿ ಬರೆದಿತ್ತು. ಕೀ ನೋಡಿ ಹೊಡೆಯಬಾರದೆಂದು ಅಮ್ಮ ಕೈಗಳ ಮೇಲೆ ಮರದ ಡಬ್ಬಿ ಮುಚ್ಚಿಸುತ್ತಿದ್ದಳು. ಇಂಗ್ಲಿಷಿನ 'ಎ' ಅಕ್ಷರ ಎಡಗೈಯ ಕಿರುಬೆರಳಿನದು. ಹೊಸಬರು ಹೊಡೆದ ಕಾಗದದಲ್ಲಿ ಎಲ್ಲ ಅಕ್ಷರ ಕಪ್ಪಗೆ ಮೂಡಿದರೆ 'ಎ' ಮಾತ್ರ ಮಾಸಲಾಗಿರುತ್ತಿತ್ತು, ಆ ಬೆರಳಿಗೆ ಶಕ್ತಿ ಸಾಲದು. ಬೇಗ ಮುಗಿಸುವ ಆಸೆಗೆ ಪಕ್ಕದ ಉಂಗುರ ಬೆರಳಲ್ಲಿ 'ಎ' ಹೊಡೆದರೆ ಅಮ್ಮ ಅಡುಗೆ ಮನೆಯಲ್ಲಿದ್ದರೂ ಸದ್ದಿನಿಂದಲೇ ಪತ್ತೆಹಚ್ಚಿ ಅಲ್ಲಿಂದಲೇ ಗದರುತ್ತಿದ್ದಳು. ಒಂದು ಕೀ ಒಂದು ಬೆರಳಿನದು, ಬೇರೆ ಬೆರಳು ಅಲ್ಲಿಗೆ ಹೋಗಬಾರದು. ಅವಳ ಮಟ್ಟಿಗೆ ಅದು ಮಡಿಯ ವಿಷಯ.

ಟೈಪ್‌ರೈಟರಿಗೆ ಬರುವವರು ಕಡಿಮೆಯಾಗುತ್ತಿದ್ದರು. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ಹಾಲಿನ ಮೂಲೆಯಲ್ಲಿ ಇಟ್ಟಿದ್ದೆವು. ಅಮ್ಮನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಹುಡುಗಿಯರು ಸುತ್ತ ಸೇರಿ ಆ ಊರನ್ನು ಕಾಪಾಡುವುದನ್ನು ನೋಡಿ, ಇದು ಟೈಪಿಂಗ್ ಅಲ್ಲ, ಸೊಳ್ಳೆ ಹೊಡೆಯೋದು ಎಂದು ಹೇಳಿ ಹೋಗಿದ್ದಳು.

ಇಲ್ಲಿ ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ನಾನು ಹುಟ್ಟಾ ಗಾಬರಿಯವಳು. ರೈಲು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತುಮಕೂರು ಬರುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ಸೆಂಟರಿನ ಫೋನ್ ರಿಂಗಾದರೆ ನಮ್ಮ ಮನೆಯದೇ ಕೆಟ್ಟ ಸುದ್ದಿ ಅಂದುಕೊಳ್ಳುತ್ತಿದ್ದೆ. ಯಾವಾಗಲೂ ಬೇರೆ ಯಾರದೋ ಆಗಿರುತ್ತಿದ್ದ ಆ ಕರೆ ಒಂದು ದಿನ ನಮ್ಮ ಮನೆಯದೇ ಆಯಿತು.

ಆ ಬೆಳಿಗ್ಗೆ ಅಮ್ಮ ಹೊಸ ಬ್ಯಾಚಿಗೆ ಹೊಡೆದು ತೋರಿಸುತ್ತಿದ್ದಳಂತೆ. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದಾಗ ಒಂದು ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದ ಕೂಡಲೇ ಎಡಗೈ ತಾನಾಗಿ ಮೇಲೆದ್ದು ಪಕ್ಕದ ಲಿವರ್ ತಳ್ಳಿ ಹೊಸ ಸಾಲಿಗೆ ತರಬೇಕು. ಗಂಟೆ ಹೊಡೆಯಿತು, ಅಮ್ಮನ ಕೈ ಏಳಲಿಲ್ಲ. ಲಿವರ್ ಹಿಡಿದುಕೊಂಡಿದೆ, ಎಣ್ಣೆ ಬಿಡಿ ಎಂದಳಂತೆ. ಹುಡುಗಿಯರು ಎಣ್ಣೆ ಬಿಟ್ಟರು. ಲಿವರ್ ಚೆನ್ನಾಗಿಯೇ ಓಡುತ್ತಿತ್ತು. ಅಮ್ಮ ಪಕ್ಕದ ಮಿಷನ್ನಿಗೆ ಹೋಗಿ ಕೂತಳು. ಅಲ್ಲೂ ಗಂಟೆ ಹೊಡೆಯಿತು, ಇದಕ್ಕೂ ಎಣ್ಣೆ ಬಿಡಿ ಎಂದಳು. ಇಷ್ಟು ವರ್ಷ ಟೈಪ್ ಮಾಡಿದವಳಿಗೆ ಕೆಟ್ಟದ್ದು ಮಿಷನ್ನೇ ಆಗಿರಬೇಕಿತ್ತು, ಕೈ ಕೆಟ್ಟೀತು ಎಂದು ಹೊಳೆಯಲಿಲ್ಲ. ಎದುರು ಮನೆಯ ಮೆಡಿಕಲ್ ಸ್ಟೋರಿನವರು ಯಾಕೋ ಇಣುಕಿ ನೋಡಿ, ಅಮ್ಮನ ಬಾಯಿ ಸೊಟ್ಟಗಾಗಿರುವುದನ್ನು ಕಂಡು, ಕಾರು ಮಾಡಿ ತುಮಕೂರಿಗೆ ಕಳಿಸಿದರು. ನಾನು ಸೆಂಟರಿನಿಂದ ಆಸ್ಪತ್ರೆಗೆ ಓಡಿದಾಗ ಅಮ್ಮ ಸ್ಟ್ರೆಚರಿನ ಮೇಲಿದ್ದಳು. ಅಪ್ಪ ತಾನು ಕೆಲಸ ಮಾಡುತ್ತಿದ್ದ ಚೇಳೂರಿನ ಸ್ಕೂಲಿನಿಂದ ಬಸ್ಸು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಡಾಕ್ಟರು ಲಕ್ವ ಎಂದು ಹೇಳಿಯಾಗಿತ್ತು.

ಜೀವಕ್ಕೆ ಅಪಾಯವಾಗಲಿಲ್ಲ. ಮಾತು ಬಂತು, ಬಾಯಿ ಸರಿಹೋಯಿತು, ಕಾಲೂ ನಿಧಾನವಾಗಿ ಬಂತು. ಎಡಗೈ ಬರಲಿಲ್ಲ. ಡಾಕ್ಟರು ಕೈಗೆ ಕೆಲಸ ಕೊಡುತ್ತಿರಬೇಕು, ಟೆನ್ಷನ್ ಮಾಡಿಕೊಳ್ಳಬಾರದು, ಬೀಪಿ ಏರಿದರೆ ಮತ್ತೊಮ್ಮೆ ಆಗಬಹುದು ಎಂದು ಕಳಿಸಿದರು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ತುಮಕೂರಿನ ಕೆಲಸ ಬಿಟ್ಟು ಅಮ್ಮನ ಕ್ಲಾಸು ನೋಡಿಕೊಳ್ಳಲು ಮನೆಯಲ್ಲೇ ಉಳಿದೆ. ಅಮ್ಮ ಮಾತ್ರ ಹಾಲಿನ ಬಾಗಿಲಿಗೂ ಬರಲಿಲ್ಲ. ಹುಡುಗಿಯರು ಮಾತಾಡಿಸಲು ಒಳಗೆ ಬಂದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದಳು. ಕೂತುಕೊಂಡೇ ಪಾಠ ಹೇಳು, ಬಾಯಿ ಇದೆಯಲ್ಲ ಎಂದು ಅಪ್ಪ ಹೇಳಿ ನೋಡಿದ. ಅವಳ ಉತ್ತರ ಒಂದೇ.

"ಹತ್ತು ಬೆರಳೂ ಬರ್ಲಿ, ಆಗ ಹೋಗ್ತೀನಿ. ನನ್ ಕೈಲಾಗದ್ದನ್ನ ಮಕ್ಕಳಿಗೆ ಹೆಂಗೆ ಹೇಳ್ಕೊಡ್ಲಿ?"

ಅಮ್ಮ ಹಾಗೆಂದ ಮೇಲೆ ಮುಗಿಯಿತು. ಬೆರಳು ಬಂದರೆ ನಮ್ಮ ಅಮ್ಮ ಮೊದಲಿನ ಅಮ್ಮ, ಬಾರದಿದ್ದರೆ ಒಳಕೋಣೆಯಲ್ಲಿ ಗೋಡೆ ನೋಡುತ್ತ ಕೂರುವವಳು. ನನ್ನ ಕಣ್ಣೆಲ್ಲ ಆ ಕೈಯ ಮೇಲೆಯೇ ಇತ್ತು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮುಟ್ಟಲಿಲ್ಲ. ರಾಗಿ ಕಾಳು ಹೆಕ್ಕು ಎಂದು ತಟ್ಟೆಯಲ್ಲಿ ಹಾಕಿಟ್ಟರೆ, ಇದೇನು ಕೆಲಸವಾ ಎಂದು ಬಲಗೈಯಿಂದ ಪಕ್ಕಕ್ಕೆ ತಳ್ಳಿದಳು.

ಒಂದು ಮಧ್ಯಾಹ್ನ ನಾನು ಸಂತೆಯಿಂದ ತರಕಾರಿ ತಂದಾಗ ಹಾಲಿನಲ್ಲಿ ಯಾರೂ ಇರಲಿಲ್ಲ, ಆದರೆ ಕಂಪ್ಯೂಟರಿನ ಕೀ ಸದ್ದು ಕೇಳಿಸಿತು. ಅಮ್ಮ ಅದರ ಮುಂದೆ ಕೂತಿದ್ದಳು. ಮಡಚಿದ ಟವೆಲಿನ ಮೇಲೆ ಎಡಗೈಯ ಮಣಿಕಟ್ಟು ಇಟ್ಟು, ಒಂದೊಂದು ಬೆರಳನ್ನೂ ಬಲಗೈಯಿಂದ ಎತ್ತಿ ತನ್ನ ತನ್ನ ಕೀ ಮೇಲೆ ಕೂರಿಸಿಕೊಂಡಿದ್ದಳು. ಮೇಲಿನಿಂದ ಅಕ್ಷರ ಇಳಿಯುತ್ತಿತ್ತು. ಬಲಗೈಯ ಅಕ್ಷರ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಕಳಿಸುತ್ತಿದ್ದಳು. ಎಡಗೈಯದು ಬಂದರೆ ಹಾಗೇ ನೋಡುತ್ತಿದ್ದಳು. ಅದು ಇಳಿದು ಇಳಿದು ಮನೆಯ ಮೇಲೆ ಬೀಳುತ್ತಿತ್ತು, ದೀಪ ಆರುತ್ತಿತ್ತು. ಬಲಗೈ ಖಾಲಿ ಇತ್ತು, ಒಂದು ಗೇಣು ಪಕ್ಕಕ್ಕೆ ಹೋದರೆ ಸಾಕಿತ್ತು. ಹೋಗಲಿಲ್ಲ. ನನಗೆ ತಡೆಯಲಾಗದೆ ಹಿಂದಿನಿಂದ ಕೈ ಚಾಚಿ ಇಳಿಯುತ್ತಿದ್ದ 'ಎಫ್' ಒತ್ತಲು ಹೋದೆ. ಅಮ್ಮ ನನ್ನ ಕೈ ಹಿಡಿದು ಆಚೆ ಇಟ್ಟಳು.

"ಅದು ಆ ಬೆರಳಿನ ಕೆಲ್ಸ ಕಣೇ. ಅದೇ ಮಾಡ್ಲಿ. ಇಲ್ಲ ಬಿದ್ದೋಗ್ಲಿ."

ಆ ದಿನದಿಂದ ನನ್ನ ಹೊಸ ಸಂಕಟ ಶುರುವಾಯಿತು. ಬೆಳಿಗ್ಗೆಯ ಬ್ಯಾಚ್ ಮುಗಿದು ಸಂಜೆಯ ಬ್ಯಾಚ್ ಬರುವವರೆಗೆ ಅಮ್ಮ ಆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಆಟಕ್ಕೆ ಅಮ್ಮನ ಎಡಗೈಯ ವಿಷಯ ಗೊತ್ತಾಗಿಬಿಟ್ಟಿತ್ತು, ಎಡಗೈಯ ಅಕ್ಷರಗಳನ್ನೇ ಸುರಿಯುತ್ತಿತ್ತು. ಶುರುವಾದ ಸ್ವಲ್ಪ ಹೊತ್ತಿಗೇ ಊರೆಲ್ಲ ಕತ್ತಲು. ಅಮ್ಮ ಮತ್ತೆ ಶುರು ಮಾಡುವಳು, ಮತ್ತೆ ಕತ್ತಲು. ಕೈಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು ಎಂದು ಒಂದು ಮನಸ್ಸು. ಹೀಗೆ ಸೋಲುತ್ತ ಕೂತರೆ ಬೀಪಿ ಏರಿ ಇಲ್ಲೇ ಬಿದ್ದುಬಿಟ್ಟರೆ ಎಂದು ಇನ್ನೊಂದು ಮನಸ್ಸು. ಎರಡರ ನಡುವೆ ನಾನು ಒದ್ದಾಡುತ್ತಿದ್ದೆ. ಅಮ್ಮನ ಹಣೆಯಲ್ಲಿ ಬೆವರು ಕಂಡರೆ ಓಡಿ ಹೋಗಿ ಫ್ಯಾನ್ ಜೋರು ಮಾಡುತ್ತಿದ್ದೆ. ಕಾಫಿ ಕೊಡುವ ನೆಪದಲ್ಲಿ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದೆ. ನೋಡುವುದು ನನಗೇನೂ ಬರುತ್ತಿರಲಿಲ್ಲ, ಹೊಡೆದುಕೊಳ್ಳುತ್ತಿದ್ದದ್ದು ನನ್ನದೋ ಅವಳದೋ ತಿಳಿಯುತ್ತಿರಲಿಲ್ಲ. ನನ್ನ ಕೈ ಬಿಟ್ಟು ನಿನ್ನ ನಾಡಿ ನೋಡಿಕೋ ಎಂದು ಅಮ್ಮ ಒಮ್ಮೆ ಹೇಳಿದಳು.

ತುಮಕೂರಿಗೆ ಚೆಕಪ್ಪಿಗೆ ಹೋದಾಗ ಡಾಕ್ಟರನ್ನು ಕೇಳಿದೆ. ಆಟ ಎಂದ ಕೂಡಲೇ ಅವರು ಕಾರಿನದಾ ಎಂದರು. ನಾನು ಊರು, ದೀಪ, ಅಕ್ಷರ ಎಂದೆಲ್ಲ ವಿವರಿಸಿದೆ. ಅವರು ಇಂಥದ್ದನ್ನು ಕೇಳಿಯೇ ಇರಲಿಲ್ಲ. ಖುಷಿ ಕೊಟ್ಟರೆ ಆಡಲಿ, ಉದ್ವೇಗ ಆಗಬಾರದು ಅಷ್ಟೆ ಎಂದರು. ಖುಷಿ ಎಲ್ಲಿ ಮುಗಿದು ಉದ್ವೇಗ ಎಲ್ಲಿ ಶುರುವಾಗುತ್ತದೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಮುಂದಿನ ಪೇಷಂಟನ್ನು ಕರೆದರು. ಬರುವಾಗ ಬಸ್ಸಿನಲ್ಲಿ ಅದನ್ನೇ ಅಪ್ಪನಿಗೆ ಹೇಳಿದೆ. ಆಡ್ಲಿ ಬುಡು ಎಂದು ಅಪ್ಪ ಕಿಟಕಿಯ ಕಡೆ ತಿರುಗಿದ. ಅವನ ಈ ಬುಡು ಎನ್ನುವ ಮಾತಿಗೆ ನನಗೆ ಯಾವಾಗಲೂ ಸಿಟ್ಟು ಬರುತ್ತಿತ್ತು, ಆವತ್ತು ಅವನ ಕಣ್ಣು ಒದ್ದೆಯಾಗಿದ್ದದ್ದನ್ನು ನೋಡಿದೆ, ಸಿಟ್ಟು ಬರಲಿಲ್ಲ.

ಮೊದಲು ಬಂದದ್ದು ತೋರುಬೆರಳು. ಅದು ಕೂಡ ನನಗೆ ಗೊತ್ತಾದದ್ದು ಆಟದಿಂದ. ಒಂದು ದಿನ ನೋಡುತ್ತೇನೆ, 'ಎಫ್' ಇಳಿಯುವುದೇ ಕಡಿಮೆಯಾಗಿದೆ. ಅಮ್ಮನ ಕೈ ನೋಡಿದೆ. ತೋರುಬೆರಳು ಎದ್ದೂ ಏಳದ ಹಾಗೆ ಎದ್ದು ಕೀ ಒತ್ತುತ್ತಿತ್ತು. ನಾನು ಅಡುಗೆ ಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಆಮೇಲೆ ಮಧ್ಯದ ಬೆರಳು, 'ಡಿ' ಕಡಿಮೆಯಾಯಿತು. ಉಂಗುರ ಬೆರಳು ಬಹಳ ಸತಾಯಿಸಿತು, ಆದರೂ ಬಂತು, 'ಎಸ್' ಕೂಡ ತೆಳುವಾಯಿತು. ಚೆಂಡಿಗೂ ರಾಗಿಗೂ ಬಾರದ ಬೆರಳುಗಳು ಒಂದು ಇಲ್ಲದ ಊರಿನ ದೀಪ ಉಳಿಸಲು ಬಂದವು. ಅಮ್ಮ ಊಟಕ್ಕೆ ಕೂತಾಗ ಮಾತು ಹೆಚ್ಚಾಯಿತು. ಹೊಸ ಬ್ಯಾಚಿನಲ್ಲಿ ಯಾರು ಹೇಗೆ ಹೊಡೆಯುತ್ತಾರೆ ಎಂದು ವಿಚಾರಿಸತೊಡಗಿದಳು. ಪರೀಕ್ಷೆಯ ಹೊತ್ತಿಗೆ ತಾನೇ ಬರುವುದಾಗಿ ಹುಡುಗಿಯರಿಗೆ ಹೇಳಿ ಕಳಿಸಿದಳು.

ಇನ್ನು ಉಳಿದದ್ದು ಕಿರುಬೆರಳು ಒಂದೇ. ಆಟಕ್ಕೂ ಅದು ಗೊತ್ತಾಯಿತು. ಮಿಕ್ಕ ಅಕ್ಷರಗಳನ್ನೆಲ್ಲ ಬಿಟ್ಟು 'ಎ' ಕಳಿಸತೊಡಗಿತು. ಒಂದರ ಹಿಂದೆ ಒಂದು, ಕೆಲವೊಮ್ಮೆ ಪರದೆಯ ತುಂಬ 'ಎ'ಗಳೇ. ಅಮ್ಮ ಕಿರುಬೆರಳನ್ನೇ ನೋಡುತ್ತ ಕೂರುತ್ತಿದ್ದಳು. ಯಾರಿಗೂ ಕೀ ನೋಡಲು ಬಿಡದವಳು ಈಗ ಪರದೆ ಬಿಟ್ಟು ಕೀಯನ್ನೇ ನೋಡುತ್ತಿದ್ದಳು. ಆ ಬೆರಳು ಕೀ ಮೇಲೆ ಮಲಗಿದ್ದು ಮಲಗಿದ ಹಾಗೇ ಇರುತ್ತಿತ್ತು. ದೀಪ ಆರುವಾಗ ಆಗುವ ಗೊರ್ ಎನ್ನುವ ಸದ್ದಿಗೆ ನಾನು ಅಡುಗೆ ಮನೆಯಲ್ಲಿ ಬೆಚ್ಚಿಬೀಳುತ್ತಿದ್ದೆ. ವಾರಗಳು ಹೀಗೇ ಹೋದವು. ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಮಾತು ಮತ್ತೆ ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡಳೋ ಇಲ್ಲವೋ ಎಂದು ನಾನು ಡಬ್ಬಿ ತೆಗೆದು ನೋಡುತ್ತಿದ್ದೆ, ಮತ್ತೆ ತೆಗೆದು ನೋಡುತ್ತಿದ್ದೆ.

ಕುಣಿಗಲ್ಲಿನಿಂದ ಚಿಕ್ಕಮ್ಮ ಬಂದದ್ದು ಆಗಲೇ. ಅಮ್ಮನ ತಂಗಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಬಂದವಳೇ ಕಂಪ್ಯೂಟರಿನ ಬೆಳಕಿನಿಂದ ಉಷ್ಣ ಆಗುತ್ತದೆ ಎಂದು ಅದರ ಮೇಲೆ ಬೆಡ್‌ಶೀಟ್ ಹೊದಿಸಿದಳು. ಅಮ್ಮ ಬೆಡ್‌ಶೀಟ್ ತೆಗೆದು ಮಡಚಿ ಕೂತುಕೊಂಡು ಆಟ ಹಾಕಿದಳು. ಚಿಕ್ಕಮ್ಮನೂ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ನೋಡಿದಳು. ನಿಯಮ ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಒಂದೊಂದು ಮನೆ ಕತ್ತಲಾಗುತ್ತಿದ್ದಂತೆ ಚಡಪಡಿಸಿ, ಕೊನೆಗೆ ನಾನು ತಿಂಗಳುಗಳಿಂದ ನುಂಗಿಕೊಂಡಿದ್ದನ್ನು ಅವಳೇ ಹೇಳಿದಳು.

"ಒಂದು ಅಕ್ಷರಕ್ಕೆ ಯಾಕಕ್ಕ ಹಿಂಗೆ ಜೀವ ತಿಂತೀಯ? ಪಕ್ಕದ ಬೆರಳು ಚೆನ್ನಾಗೈತಲ್ಲ, ಅದ್ರಲ್ಲಿ ಒತ್ತು."

ಊರು ಕತ್ತಲಾಯಿತು. ಅಮ್ಮ ಎದ್ದು ಒಳಗೆ ಹೋಗಿ ಮಲಗಿದಳು, ಸಂಜೆಯ ಕಾಫಿಗೂ ಏಳಲಿಲ್ಲ. ನಾನು ಎರಡೆರಡು ನಿಮಿಷಕ್ಕೂ ಹೋಗಿ ಉಸಿರಾಟ ನೋಡಿ ಬಂದೆ. ನಾನು ತಪ್ಪಾಡಿದ್ನಾ ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಅವಳು ಮರುದಿನ ಮಧ್ಯಾಹ್ನದ ಬಸ್ಸಿಗೆ ಕುಣಿಗಲ್ಲಿಗೆ ಹೊರಟಳು.

ಅವಳನ್ನು ಬಸ್ಸು ಹತ್ತಿಸಿ ನಾನು ವಾಪಸು ಬಂದಾಗ ಅಮ್ಮ ಕಂಪ್ಯೂಟರಿನ ಮುಂದಿದ್ದಳು. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ. 'ಎ' ಇಳಿಯುತ್ತಿತ್ತು. ಬಿತ್ತು, ಒಂದು ದೀಪ ಆರಿತು. ಇನ್ನೊಂದು ಇಳಿಯಿತು, ಬಿತ್ತು. ಕೊನೆಗೆ ಒಂದೇ ಮನೆಯ ಕಿಟಕಿಯಲ್ಲಿ ಬೆಳಕು ಉಳಿಯಿತು. ಅದರ ನೆತ್ತಿಗೆ ಸರಿಯಾಗಿ ಮತ್ತೊಂದು 'ಎ' ಹೊರಟಿತು. ಅಮ್ಮ ಬಲಗೈಯಿಂದ ಎಡಗೈಯ ಕಿರುಬೆರಳನ್ನು ಮೆಲ್ಲಗೆ ಹಿಡಿದು ಕೀ ಮೇಲಿನಿಂದ ಎತ್ತಿದಳು. ಎತ್ತಿ ಪಕ್ಕದ ಟವೆಲಿನ ಮೇಲೆ ಮಲಗಿಸಿದಳು. ಆಮೇಲೆ ಉಂಗುರ ಬೆರಳನ್ನು ಒಂದು ಕೀ ಎಡಕ್ಕೆ ಸರಿಸಿ ಒತ್ತಿದಳು.

'ಎ' ಮೇಲೆ ಹೋಯಿತು. ಹಿಂದೆಯೇ ಇನ್ನೊಂದು ಬಂತು, ಅದೂ ಹೋಯಿತು. ಬಂದದ್ದೆಲ್ಲ ಹೋಯಿತು. ನೋಡುತ್ತ ನೋಡುತ್ತ 'ಎ'ಗಳು ಕಡಿಮೆಯಾದವು, ಬೇರೆ ಅಕ್ಷರಗಳು ಬರತೊಡಗಿದವು, ಅವೂ ಒಂದೂ ಬೀಳದೆ ಹೋದವು. ಯಾವ ಬೆರಳು ಒತ್ತಿತು ಎಂದು ಆಟಕ್ಕೆ ಏನು ಗೊತ್ತು? ಕಲಿತಳು ಎಂದುಕೊಂಡು ಅದು ಅಮ್ಮನನ್ನು ಮುಂದಿನ ಹಂತಕ್ಕೆ ದಾಟಿಸಿತು, ಊರಿನ ಎಲ್ಲ ಮನೆಗಳ ದೀಪಗಳು ಮತ್ತೆ ಹತ್ತಿಕೊಂಡವು. ನಾನು ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಅದು ಕಣ್ಣೆದುರಿಗೆ ಆದಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅಮ್ಮನಿಗೆ ನಾನಿರುವುದು ಗೊತ್ತಿತ್ತು. ಕಂಪ್ಯೂಟರ್ ಆರಿಸಿ, ಟವೆಲ್ ಮಡಚಿ, ಕುರ್ಚಿಯಿಂದ ಎದ್ದು, ನನ್ನ ಮುಖ ನೋಡದೆ ಮಾತಾಡಿದಳು.

"ಮಕ್ಕಳಿಗೆ ಹಿಂಗೆ ಹೇಳ್ಕೊಡ್ಬೇಡ. 'ಎ' ಕಿರುಬೆರಳಿಂದು. ನೀನು ಸರಿಯಾಗಿ ಹೇಳ್ಕೊಡು."

ಅಲ್ಲಿಯವರೆಗೆ ಆ ಬೆರಳು ಬರುತ್ತದೋ ಇಲ್ಲವೋ ಎಂದು ನಾನು ಹೆದರದ ಗಳಿಗೆ ಇರಲಿಲ್ಲ. ಆವತ್ತು ಸಂಜೆಯ ಬ್ಯಾಚಿನ ಹುಡುಗಿಯರು ಬಂದು ಮಿಷನ್ನುಗಳ ಮುಸುಕು ತೆಗೆಯುತ್ತಿದ್ದಾಗ ಅಮ್ಮ ಆ ಬೆರಳಿನ ಆಸೆ ಬಿಟ್ಟು ಒಳಕೋಣೆಯಲ್ಲಿದ್ದಳು, ನನಗೆ ಹೆದರಲು ಏನೂ ಉಳಿದಿರಲಿಲ್ಲ. ಆ ಹೆದರಿಕೆಯಾದರೂ ಇದ್ದಿದ್ದರೆ ಎನ್ನಿಸಿತು.